ಬಯಲುಸೀಮೆಯ ಮಳೆಗೆ ಕಡಲ ಕೆಸರಿನ ಸಾಕ್ಷಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ರೈತನಿಗೂ ಸಮುದ್ರಕ್ಕೂ ಎಲ್ಲಿಯ ನಂಟು? ಕೊಪ್ಪಳದಿಂದ ಕಾರವಾರದ ಕಡಲು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಸಹ್ಯಾದ್ರಿಯ ಗೋಡೆ. ಆದರೆ ಇಲ್ಲಿಗೆ ಬರುವ ಮುಂಗಾರು ಮೋಡಗಳು ಆ ಕಡಲನ್ನೂ ಆ ಘಟ್ಟವನ್ನೂ ದಾಟಿಯೇ ಬರಬೇಕು. ಘಟ್ಟದ ಪಡುವಣ ಮಗ್ಗುಲಲ್ಲಿ ಸುರಿದು ಉಳಿದದ್ದಷ್ಟೇ ನಮ್ಮ ಪಾಲು. ಹೀಗಾಗಿ ಈ ಒಣ ನೆಲದ ಮಳೆಯ ಹಳೆಯ ಕಥೆಯನ್ನು ಹುಡುಕಿ ಹೊರಟ ವಿಜ್ಞಾನ ಕಡೆಗೆ ಹೋಗಿ ನಿಲ್ಲುವುದು ಜೌಗು ನೆಲ ಮತ್ತು ಕಡಲತಳದ ಕೆಸರಿನ ಮುಂದೆ.

ಬರ ಈ ಸೀಮೆಗೆ ಹೊಸದಲ್ಲ. 1396ರ ದುರ್ಗಾದೇವಿ ಬರ, 1791-92ರ ಭೀಕರ ಕ್ಷಾಮ, 1876-78ರ ಧಾತು-ಈಶ್ವರ ಬರ ಇವು ದಖನ್ನಿನ ಚರಿತ್ರೆಯಲ್ಲಿ ದಾಖಲಾಗಿವೆ. ಆದರೆ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅಂದರೆ ಇಲಾಖೆಯ ಅಳತೆಯ ವಯಸ್ಸು ನೂರೈವತ್ತು ವರ್ಷ ಮಾತ್ರ. ಬರವೆಂಬುದು ಇಲ್ಲಿ ಅಪರೂಪದ ಆಪತ್ತೋ ಅಥವಾ ನೆಲದ ಸ್ವಭಾವವೇ ಅದೋ ಎಂದು ತೀರ್ಮಾನಿಸಲು ಇಷ್ಟು ಸಾಲದು.

ನಮ್ಮ ನೆಲವನ್ನೇ ಅಗೆದು ನೋಡಬಾರದೇಕೆ? ತೊಡಕು ಇರುವುದು ಅಲ್ಲಿಯೇ. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮೇಲಿನ ಮಣ್ಣು ಆ ಬಿರುಕಿನೊಳಗೆ ಬಿದ್ದು ಪದರಗಳೆಲ್ಲ ಕಲಸಿಹೋಗುತ್ತವೆ. ಕೆರೆಗಳು ಬತ್ತಿದಾಗ ಹೂಳಿನೊಳಕ್ಕೆ ಗಾಳಿ ನುಗ್ಗಿ, ಅದರಲ್ಲಿದ್ದ ಹೂವಿನ ಪರಾಗ ನಶಿಸುತ್ತದೆ. ಮಳೆ ಕಡಿಮೆಯಾದ ಸೀಮೆಯಲ್ಲಿ ಮಳೆಯ ದಾಖಲೆಯೂ ಉಳಿಯುವುದು ಕಷ್ಟ.

ಕೊಳೆಯದ ಮಣ್ಣು

ಸದಾ ನೀರು ನಿಂತ ಜೌಗಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬಿದ್ದ ಎಲೆ, ಬೇರು, ಹುಲ್ಲು ಗಾಳಿಯಿಲ್ಲದೆ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡುತ್ತವೆ. ಈ ಕಪ್ಪು ಸಸ್ಯಮಣ್ಣಿಗೆ ಪೀಟ್ ಎಂದು ಹೆಸರು. ಅದರಲ್ಲಿರುವ ವಿಕಿರಣಶೀಲ ಇಂಗಾಲ 5,730 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಉಳಿದಿರುವ ಪ್ರಮಾಣವನ್ನು ಅಳೆದು ಸುಮಾರು 50,000 ವರ್ಷಗಳವರೆಗಿನ ಪದರದ ವಯಸ್ಸನ್ನು ಹೇಳಬಹುದು.

ಕಡಲ ದಡದ ಪೀಟ್ ಇನ್ನೂ ಎರಡು ಸಂಗತಿಗಳನ್ನು ತಿಳಿಸುತ್ತದೆ. ಮೊದಲನೆಯದು ಸಮುದ್ರದ ಮಟ್ಟ. ಕಾಂಡ್ಲಾ ಗಿಡಗಳು ಬೆಳೆಯುವುದು ಉಬ್ಬರ-ಇಳಿತದ ಅಂಚಿನಲ್ಲಿ. ಅವುಗಳ ಬೇರಿನ ಪೀಟ್ ಇಂದಿನ ಕಡಲಿನ ಬಹಳ ಕೆಳಗೆ ಸಿಕ್ಕರೆ, ಅಂದಿನ ದಡ ಅಲ್ಲಿತ್ತು ಎಂದರ್ಥ. ಇಂಥ ಹಲವು ಕುರುಹುಗಳನ್ನು ಕೂಡಿಸಿ ನೋಡಿದಾಗ, ಸುಮಾರು 20,000 ವರ್ಷಗಳ ಹಿಂದೆ ಜಗತ್ತಿನ ಸಮುದ್ರ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತೆಂದು ತಿಳಿದಿದೆ.

ಎರಡನೆಯದು ಬಿರುಗಾಳಿ ಮತ್ತು ದೈತ್ಯ ಅಲೆ. ಕಪ್ಪು ಪೀಟಿನ ನಡುವೆ ತೆಳುವಾದ ಬಿಳಿ ಮರಳಿನ ಪದರವಿದ್ದರೆ, ಕಡಲು ಒಮ್ಮೆ ದಡ ಮೀರಿ ನುಗ್ಗಿತ್ತೆಂದು ತಿಳಿಯಬೇಕು. 2004ರ ಸುನಾಮಿಯ ನಂತರ ಥಾಯ್ಲೆಂಡಿನ ಫ್ರಾ ಥಾಂಗ್ ದ್ವೀಪದ ಜೌಗಿನಲ್ಲಿ ಅಗೆದಾಗ ಹೊಸ ಮರಳಿನ ಕೆಳಗೆ ಹಳೆಯ ಮರಳಿನ ಪದರವೂ ಸಿಕ್ಕಿತು. ಸುಮಾರು 600 ವರ್ಷಗಳ ಹಿಂದೆಯೂ ಅಂಥದೇ ಸುನಾಮಿ ಬಂದಿತ್ತೆಂದು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಜನ ಮರೆತಿದ್ದುದನ್ನು ಮಣ್ಣು ಮರೆತಿರಲಿಲ್ಲ.

ಜೋಳ, ಭತ್ತದ ಲೆಕ್ಕ

ಮಳೆಯ ಕಥೆ ಓದುವ ಬಗೆ ಬೇರೆ. ಅದು ನಮ್ಮ ರೈತನಿಗೆ ಸುಲಭವಾಗಿ ಅರ್ಥವಾಗುವಂಥದು. ಯಲಬುರ್ಗಾದ ಜೋಳವೂ ತುಂಗಭದ್ರಾ ಕಾಲುವೆಯ ನೀರುಂಡ ಗಂಗಾವತಿಯ ಭತ್ತವೂ ಗಾಳಿಯಿಂದ ಇಂಗಾಲ ಹೀರುವ ರೀತಿ ಒಂದೇ ಅಲ್ಲ. ಜೋಳ, ಸಜ್ಜೆಯಂಥವು ಬಿಸಿಲು ಮತ್ತು ಒಣಹವೆಗೆ ಒಗ್ಗಿದ ಗುಂಪಿನವು. ಅವುಗಳಲ್ಲಿ ಭಾರದ ಇಂಗಾಲದ ಪಾಲು ತುಸು ಹೆಚ್ಚು. ಭತ್ತ ಮತ್ತು ಬಹುತೇಕ ಮರಗಳದು ಇನ್ನೊಂದು ಗುಂಪು. ಕಾಡುಹುಲ್ಲುಗಳಲ್ಲೂ ಈ ಎರಡು ಗುಂಪುಗಳಿವೆ. ಪೀಟಿನಲ್ಲಿ ಯಾವ ಗುಂಪಿನ ಗುರುತು ಹೆಚ್ಚಿದೆಯೆಂದು ನೋಡಿ ಅಂದಿನ ಹವೆಯನ್ನು ಊಹಿಸಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಪೀಟನ್ನು ಹೀಗೆ ಪರೀಕ್ಷಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ ದಕ್ಷಿಣ ಭಾರತ ಒಣಗಿತ್ತು. ನಂತರ ಮಳೆ ಚೇತರಿಸಿಕೊಂಡಿತು. ಸುಮಾರು 5,000ದಿಂದ 2,000 ವರ್ಷಗಳ ಹಿಂದಿನ ಅವಧಿಯಲ್ಲಿ ಮತ್ತೆ ಒಣಹವೆ ಬಂತು.

ಮರುವರ್ಷ, 1994ರಲ್ಲಿ, ಫ್ರೆಂಚ್ ವಿಜ್ಞಾನಿ ಸಿ. ಕಾರತಿನಿ ಮತ್ತು ಸಂಗಡಿಗರು ಕಾರವಾರದ ಕಡಲತಳದಿಂದ ಕೊಳವೆಯಲ್ಲಿ ತೆಗೆದ ಕೆಸರಿನ ಅಧ್ಯಯನ ಪ್ರಕಟಿಸಿದರು. ಆ ಕೆಸರಿನಲ್ಲಿ ಸುಮಾರು 3,500 ವರ್ಷಗಳ ಹಿಂದಿನಿಂದ ಕಾಂಡ್ಲಾ ಗಿಡಗಳ ಪರಾಗ ಕಡಿಮೆಯಾಗುತ್ತದೆ, ಒಣಸೀಮೆಯ ಗಿಡಗಳ ಪರಾಗ ಹೆಚ್ಚುತ್ತದೆ. ಕಾಡು ಕಡಿದದ್ದೇ ಕಾರಣವಿರಬಾರದೇಕೆ ಎಂದು ಕೇಳಬಹುದು. ಆದರೆ ಅಳಿವೆಯ ಕಾಂಡ್ಲಾ ಕೂಡ ಕುಗ್ಗಿದ್ದನ್ನು ಒಳನಾಡಿನ ಕೊಡಲಿಯೊಂದರಿಂದಲೇ ವಿವರಿಸಲಾಗದು. ನದಿ ತರುವ ಸಿಹಿನೀರೇ ಕಡಿಮೆಯಾಯಿತೆಂಬ ವಾದಕ್ಕೆ ಬಲ ಬರುವುದು ಇಲ್ಲಿಯೇ. ಬೆಟ್ಟದ ಪೀಟ್ ಮತ್ತು ಕಡಲ ಕೆಸರು ಎರಡೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ.

ಅದೇ ಕಾಲದ ನಮ್ಮ ಸೀಮೆ

ಆ ಒಣಗಾಲದಲ್ಲಿ ಇಲ್ಲಿ ಜನರಿದ್ದರು. ರಾಯಚೂರು ಜಿಲ್ಲೆಯ ಪಿಕ್ಲಿಹಾಳ, ಬಳ್ಳಾರಿ ಬಳಿಯ ಸಂಗನಕಲ್ಲು, ಕುಡತಿನಿಯ ಬೂದಿದಿಬ್ಬ ಇವು ದನಗಾಹಿ ನವಶಿಲಾಯುಗದವರ ನೆಲೆಗಳು. ಈ ಜನ ಉಂಡದ್ದು ಕಿರುಧಾನ್ಯ, ಹುರುಳಿ, ಹೆಸರು ಎಂಬುದು ಉತ್ಖನನದಲ್ಲಿ ಸಿಕ್ಕ ಸುಟ್ಟ ಕಾಳುಗಳಿಂದ ತಿಳಿದಿದೆ. ಕಡಿಮೆ ನೀರಿಗೆ ಬೆಳೆಯುವ ಬೆಳೆಗಳಿವು. ನಂತರ ಬಂದವರು ಗಂಗಾವತಿ ಬಳಿಯ ಹಿರೇಬೆಣಕಲ್ಲಿನಲ್ಲಿ ಬಂಡೆ ಚಪ್ಪಡಿಗಳ ನೂರಾರು ಸಮಾಧಿಗಳನ್ನು ಕಟ್ಟಿದರು. ಆ ಸಮಾಧಿಗಳ ನಡುವೆ ಮಳೆನೀರು ನಿಲ್ಲುವ ದೊಡ್ಡ ಹೊಂಡವೊಂದಿದೆ. ಕಲ್ಲು ತೆಗೆದ ಗುಣಿಯೇ ಹೊಂಡವಾಯಿತೆಂದು ಪುರಾತತ್ವಜ್ಞರು ಊಹಿಸುತ್ತಾರೆ.

ಮಳೆ ಕಡಿಮೆಯಾದದ್ದೇ ಇವರ ಬದುಕನ್ನು ಹೀಗೆ ರೂಪಿಸಿತೆಂದು ಹೇಳಿಬಿಡುವುದು ಅವಸರವಾದೀತು. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಒಣಹವೆ ಈ ಸೀಮೆಗೆ ಆಗಾಗ ಬಂದು ಹೋಗುವ ಅತಿಥಿಯಲ್ಲ. ಒಮ್ಮೆ ಬಂದು ಸಾವಿರಾರು ವರ್ಷ ಇಲ್ಲಿಯೇ ಉಳಿದದ್ದೂ ಉಂಟು. ಒಳ್ಳೆಯ ಮಳೆಯ ನಾಲ್ಕು ವರ್ಷ ನೋಡಿ ಬೆಳೆ, ಬೋರ್‌ವೆಲ್, ಕಾಲುವೆಗಳ ಲೆಕ್ಕ ಹಾಕಿದರೆ ಆ ಲೆಕ್ಕ ತಪ್ಪುತ್ತದೆ.

ಹೀಗಿರುವಾಗ ಕರಾವಳಿಯ ಜೌಗು ತುಂಬಿಸಿ ನಿವೇಶನ ಮಾಡುವುದು, ಕಾಂಡ್ಲಾ ಕಡಿಯುವುದು ಕರಾವಳಿಯವರ ನಷ್ಟ ಮಾತ್ರವಲ್ಲ. ಅಲ್ಲಿ ಹಾಳಾಗುವ ಪ್ರತಿಯೊಂದು ಪದರದ ಜೊತೆ ಕುಷ್ಟಗಿ, ಯಲಬುರ್ಗಾಗಳ ಮಳೆಯ ಕಡತದಿಂದಲೂ ಒಂದು ಹಾಳೆ ಕಳೆದುಹೋಗುತ್ತದೆ. ಆ ಕಡತಕ್ಕೆ ಎರಡನೆಯ ಪ್ರತಿ ನಮ್ಮ ನೆಲದಲ್ಲಿಲ್ಲ.