ಬನವಾಸಿಯ ನೆಲದೊಳಗಣ ಕೋಟೆ

ಬನವಾಸಿ ಎಂದೊಡನೆ ಕನ್ನಡ ಬಲ್ಲವರಿಗೆ ಪಂಪನ ನೆನಪಾಗುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ‘ವಿಕ್ರಮಾರ್ಜುನ ವಿಜಯ’ದ ಪಾಠ ಹೇಳಿದ ನನಗೂ ಹಾಗೆಯೇ. ಆದರೆ ಇಂದು ನಾನು ಹೇಳಹೊರಟಿರುವುದು ಕಾವ್ಯದ ಬನವಾಸಿಯನ್ನಲ್ಲ, ಮಣ್ಣಿನಡಿಯ ಬನವಾಸಿಯನ್ನು.

ಶಿರಸಿಯಿಂದ ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿ, ವರದಾ ನದಿಯ ದಂಡೆಯ ಮೇಲೆ ಈ ಊರಿದೆ. ಅದರ ಹಳೆಯ ಕೋಟೆ ಇಂದು ಕಾಣುವವರ ಕಣ್ಣಿಗೆ ಬಹುಮಟ್ಟಿಗೆ ಒಂದು ಮಣ್ಣಿನ ದಿಬ್ಬ. ಕ್ರಿ.ಶ. ಎರಡನೆಯ ಶತಮಾನದಲ್ಲಿ ದೂರದ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಭೂವಿವರಣೆ ಬರೆದ ಟಾಲೆಮಿಗೆ ಈ ಊರಿನ ಹೆಸರು ತಿಳಿದಿತ್ತು. ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆಯು ಚುಟು ಅರಸನ ಮಗಳ ದಾನವನ್ನು ಪ್ರಾಕೃತದಲ್ಲಿ ಹೇಳುತ್ತದೆ. ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ಸೇನಾಸಮುದ್ರ ಮುತ್ತಿದಾಗ ಈ ನೆಲದ ಕೋಟೆ ಜಲದುರ್ಗದಂತೆ ತೋರಿತೆಂದು ಐಹೊಳೆಯ ಶಾಸನದಲ್ಲಿ ರವಿಕೀರ್ತಿ ವರ್ಣಿಸಿದ್ದಾನೆ.

1970ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದವರು ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ದೊಡ್ಡ ದೊಡ್ಡ ಇಟ್ಟಿಗೆಗಳು, ಆನೆಯ ಬೆನ್ನಿನಂತೆ ಹಿಂಬದಿ ದುಂಡಾದ ಕಟ್ಟಡಗಳ ತಳಪಾಯಗಳು ಬೆಳಕು ಕಂಡವು. ನಾನಾಗ ಸಿದ್ದಾಪುರದ ಕಡೆಯ ಶಾಲಾಬಾಲಕ. ಮರುವರ್ಷದ ಜಾತ್ರೆಗೆ ಬಂದಾಗ ದಿಬ್ಬದ ಅಂಚಿನಿಂದ ಹಣಿಕುತ್ತಿದ್ದ ಒಂದು ಇಟ್ಟಿಗೆಯನ್ನು ಕಿತ್ತು, ಗೋಣಿಚೀಲದಲ್ಲಿ ಮನೆಗೆ ತಂದೆ. ಅಜ್ಜಿ ಅದನ್ನು ಬಾವಿಕಟ್ಟೆಯಲ್ಲಿ ಕೊಡ ಇಡಲು ಬಳಸಿದರು. ಯಾರೂ ಗದರಿಸಲಿಲ್ಲ.

ನಾನು ಮಾಡಿದ್ದೇನೆಂಬುದು ಅರಿವಾದದ್ದು ಬಹಳ ವರ್ಷಗಳ ಮೇಲೆ, ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸನ ಕೆಲಸದ ಬಗ್ಗೆ ಓದಿದಾಗ. ಆತ 1920ರ ದಶಕದಲ್ಲಿ ವೇಲ್ಸಿನ ಸೆಗೋಂಟಿಯಮ್ ಎಂಬಲ್ಲಿ ಹೂತುಹೋಗಿದ್ದ ರೋಮನ್ ಗಡಿಕೋಟೆಯನ್ನು ಅಗೆದವನು. 1947ರಲ್ಲಿ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯನ್ನೂ ಬ್ರಹ್ಮಗಿರಿಯನ್ನೂ ಅಗೆದನು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿಯ ನಾಣ್ಯ ಶಾತವಾಹನರ ಕಾಲದ ಪದರದಲ್ಲಿ ದೊರೆಯಿತು. ಅದರ ಬೆಲೆ ಬೆಳ್ಳಿಯಲ್ಲಿಲ್ಲ, ಅದು ಬಿದ್ದಿದ್ದ ಪದರದಲ್ಲಿದೆ. ಕಾಲ ಗೊತ್ತಿದ್ದ ಆ ನಾಣ್ಯ, ತನ್ನೊಡನೆ ಬಿದ್ದಿದ್ದ ಮಡಕೆಚೂರುಗಳಿಗೂ ಕಾಲವನ್ನು ಕೊಟ್ಟಿತು. ಅದೇ ನಾಣ್ಯ ಯಾರದೋ ಜೇಬಿನಲ್ಲಿ ಸಿಕ್ಕಿದ್ದರೆ ಬರಿಯ ನಾಣ್ಯವಷ್ಟೆ.

ಪದ್ಯವನ್ನು ಎಲ್ಲಿಗೆ ಒಯ್ದರೂ ಅದು ಪದ್ಯವಾಗಿಯೇ ಉಳಿಯುತ್ತದೆ. ಇಟ್ಟಿಗೆ ಹಾಗಲ್ಲ, ತಾಣ ತಪ್ಪಿದರೆ ಅದು ಮೂಕವಾಗುತ್ತದೆ. ಪಂಪನ ಬನವಾಸಿಯನ್ನು ನೂರಾರು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಿದ ನಾನು, ಈ ಮಾತನ್ನು ಅವರಲ್ಲಿ ಒಬ್ಬರಿಗೂ ಹೇಳಲಿಲ್ಲ.

ಆ ಇಟ್ಟಿಗೆ ಇಂದಿಗೂ ನಮ್ಮ ಬಾವಿಕಟ್ಟೆಯಲ್ಲಿದೆ. ಹಿಂದಕ್ಕೆ ಒಯ್ದಿಟ್ಟರೂ ಅದರ ಜಾಗ ಮರಳಿ ಸಿಗದು. ಬನವಾಸಿಗೆ ಹೋಗುವವರು ದೇವರ ದರ್ಶನವಾದ ಮೇಲೆ ಆ ದಿಬ್ಬದ ಬಳಿಯೂ ಅರೆಗಳಿಗೆ ನಿಲ್ಲಿ; ಮಕ್ಕಳಿಗೆ ತೋರಿಸಿ; ಬರಿಗೈಯಲ್ಲಿ ಹಿಂದಿರುಗಿ.