ಸರಸ್ವತೀ ಭಂಡಾರದಿಂದ ಶಾಲೆಯ ಬೀರುವಿನವರೆಗೆ

ಗ್ರಂಥಪಾಲನೆಂಬ ಹುದ್ದೆ ಆಂಗ್ಲರ ಕಾಲದಲ್ಲಿ ನಮಗೆ ಬಂದುದೆಂದು ಭಾವಿಸುವವರು ಹಲವರು. ಆದರೆ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿರುವ ಕ್ರಿ.ಶ. 1058ರ ಶಾಸನವು ಬೇರೆಯ ಸಂಗತಿಯನ್ನು ತಿಳಿಸುತ್ತದೆ. ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ ಅಲ್ಲಿದ್ದ ಘಟಿಕಾಸ್ಥಾನದಲ್ಲಿ, ಅಧ್ಯಾಪಕರೊಡನೆ 6 ಮಂದಿ ಸರಸ್ವತೀ ಭಂಡಾರಿಗರೂ ಇದ್ದರು. ತಾಳೆಗರಿಯ ಕಟ್ಟಿಗೆ ಇಂದಿನ ಪುಸ್ತಕದಂತೆ ಬೆನ್ನಿನ ಮೇಲೆ ಹೆಸರಿರುವುದಿಲ್ಲ. ಬಿಚ್ಚಿ ಓದಬಲ್ಲವನಿಗಷ್ಟೇ ಅದು ಯಾವ ಗ್ರಂಥವೆಂದು ತಿಳಿದೀತು. ಆದ್ದರಿಂದ ಆ ಭಂಡಾರಿಗರು ಬರಿಯ ಕಾವಲುಗಾರರಾಗಿದ್ದಿರಲಾರರು, ಓದುಬಲ್ಲವರೇ ಆಗಿದ್ದಿರಬೇಕು ಎಂದು ನಾವು ತಿಳಿಯುತ್ತೇವೆ.

ಈ ತತ್ತ್ವಕ್ಕೆ ನಮ್ಮ ಕಾಲದಲ್ಲಿ ಶಾಸ್ತ್ರದ ರೂಪ ಕೊಟ್ಟವರು ಡಾ. ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿ ಮಂಗಳೂರಿನಲ್ಲಿಯೂ ಪಾಠ ಹೇಳಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲ ಮೂರು ನಮಗೆ ಮುಖ್ಯ: ಪುಸ್ತಕ ಇರುವುದು ಬಳಕೆಗಾಗಿ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಪುಸ್ತಕವನ್ನೂ ಮಗುವನ್ನೂ ಬಲ್ಲ ಮೂರನೆಯವನೊಬ್ಬ ನಡುವೆ ಇಲ್ಲದಿದ್ದರೆ ಕೊನೆಯ ಎರಡು ಸೂತ್ರಗಳು ನಡೆಯುವುದು ಕಷ್ಟ.

ಶಾಲೆಗಳಲ್ಲಿ ಆ ಮೂರನೆಯವನು ಅಪರೂಪವಾಗಿದ್ದನು. ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1953ರ ವರದಿಯಲ್ಲಿ ಇದನ್ನು ನಿಷ್ಠುರವಾಗಿ ಹೇಳಿತು. ಬೆಳಕಿಲ್ಲದ ಕೋಣೆ, ಅಂದವಿಲ್ಲದ ಕಪಾಟು. ಅದರ ಹೊಣೆ ಹೊತ್ತ ಗುಮಾಸ್ತನಿಗೋ ಅಧ್ಯಾಪಕನಿಗೋ ಪುಸ್ತಕದಲ್ಲಿ ಪ್ರೀತಿಯಿಲ್ಲ. 1987ರಲ್ಲಿ ಬಂದ ಕಪ್ಪುಹಲಗೆ ಕಾರ್ಯಾಚರಣೆ ಯೋಜನೆಯಲ್ಲಿ ಪ್ರಾಥಮಿಕ ಶಾಲೆಗಳಿಗೂ ಪುಸ್ತಕಗಳು ಬಂದವು. ಅವನ್ನು ಓದಿ ಹಂಚುವವರು ಅವುಗಳೊಡನೆ ಬರಲಿಲ್ಲ. ದಾಸ್ತಾನು ಪುಸ್ತಕದಲ್ಲಿ ಲೆಕ್ಕ ತಪ್ಪಿದರೆ ಉತ್ತರ ಕೊಡಬೇಕಾದವನು ಉಪಾಧ್ಯಾಯ. ಹೀಗಿರುವಾಗ ಬೀರುವಿಗೆ ಬೀಗ ಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಒಂದು ಕಾಲದಲ್ಲಿ ಯೂರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದುದಕ್ಕೂ ಕಾರಣ ಇದೇ, ಕಳೆದೀತೆಂಬ ಭಯ.

ಗಡಿನಾಡಿನ ನಮಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಅಗಳಿ, ಮಡಕಶಿರಾ, ರಾಯದುರ್ಗದ ಮಗು ಮನೆಯಲ್ಲಿ ಕನ್ನಡವನ್ನೂ ಕಚೇರಿಯ ಫಲಕದಲ್ಲಿ ತೆಲುಗನ್ನೂ ಕಂಡು ಬೆಳೆಯುತ್ತದೆ. ಎರಡು ಭಾಷೆಯ ಪುಸ್ತಕಗಳೂ ಒಂದೇ ಬೀರುವಿನಲ್ಲಿರುವಾಗ, ಬೀಗದ ಕೈ ಹಿಡಿದವರು ಒಂದನ್ನೇ ಓದಬಲ್ಲವರಾದರೆ ಇನ್ನೊಂದು ಭಾಷೆಯ ಸಾಲು ಧೂಳು ತಿನ್ನುತ್ತದೆ. ಯಾರೂ ವಿರೋಧಿಸದೆಯೇ, ಆಜ್ಞೆಯೊಂದೂ ಹೊರಡದೆಯೇ ಶಾಲೆಯೊಳಗೆ ಕನ್ನಡ ಮರೆಯಾಗುವ ಬಗೆ ಇದು.

ಓದಿದ ಉಪಾಧ್ಯಾಯ ಏನು ಮಾಡಬಲ್ಲ? ಗ್ರಹಣವೇಕೆ ಆಗುತ್ತದೆಂದು ಕೇಳಿದ ಮಗುವನ್ನು ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಬಳಿಗೆ ಒಯ್ಯಬಲ್ಲ. ಹೇಮಾವತಿಯ ಗುಡಿಯನ್ನು ನೋಡಿ ಬಂದವನಿಗೆ, ಅದೇ ನೊಳಂಬರ ರಾಜಧಾನಿ ಹೆಂಜೇರು ಎಂದು ತಿಳಿಸಿ, ಅವರ ಚರಿತ್ರೆಯಿರುವ ಪುಟವನ್ನೇ ತೆರೆದು ಕೊಡಬಲ್ಲ. ಇದಕ್ಕೆ ಎಲ್ಲ ಪುಸ್ತಕಗಳನ್ನೂ ಕೊನೆಯವರೆಗೆ ಓದಬೇಕಾಗಿಲ್ಲ. ಮುನ್ನುಡಿ, ಪರಿವಿಡಿ, ನಡುವಿನ ಹತ್ತಾರು ಪುಟ ಓದಿ, ಯಾವ ತರಗತಿಗೆ, ಎಂಥ ಮಗುವಿಗೆ ಹೊಂದೀತೆಂದು ಒಂದು ಸಾಲು ಬರೆದಿಟ್ಟರೆ ಸಾಕು. ವಾರಕ್ಕೆ ಎರಡು ಪುಸ್ತಕದಂತೆ ನೋಡಿದರೂ ವರ್ಷಕ್ಕೆ ನೂರನ್ನು ಬಲ್ಲವರಾಗುತ್ತೇವೆ.

ಸಂಘದ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಶಾಲೆಗಳಿಗೆ ಪುಸ್ತಕ ದಾನ ಮಾಡುವುದು ಪುಣ್ಯದ ಕೆಲಸ. ಅದನ್ನು ತಾವು ಮೊದಲು ಓದಿ, ಮೊದಲ ಪುಟದಲ್ಲಿ ಯಾರಿಗೆ ತಕ್ಕುದೆಂದು ಬರೆದು ಕೊಡಿರಿ. ನಿವೃತ್ತರಾದವರು ವಾರಕ್ಕೊಮ್ಮೆ ಅರ್ಧ ಗಂಟೆ ಆ ಬೀರುವಿನ ಬಳಿ ಮಕ್ಕಳೊಡನೆ ಕುಳಿತುಕೊಳ್ಳಿರಿ. ನಾಗಾವಿಯ ಘಟಿಕಾಸ್ಥಾನಕ್ಕೆ 6 ಮಂದಿ ಬೇಕಾಗಿದ್ದರು. ನಮ್ಮ ಒಂದೊಂದು ಶಾಲೆಗೆ ಒಬ್ಬರು ದೊರೆತರೆ ಸಾಕು.