ಮನೆಯಲ್ಲಿ ಚಲನಚಿತ್ರ ವೀಕ್ಷಣೆ ಹಾಗೂ ವಿದ್ಯುತ್ ಮಿತಬಳಕೆ: ಗೃಹ ಬಳಕೆದಾರರಿಗೆ ಮಾಹಿತಿ

ಬೆಳಗಾವಿ ನಗರದ ಸದಾಶಿವನಗರ ಹಾಗೂ ಖಾನಾಪುರ ಭಾಗದ ಮನೆಗಳಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು (ಹೆಸ್ಕಾಂ) ವಿದ್ಯುತ್ ಪೂರೈಸುತ್ತದೆ. ಗೃಹಜ್ಯೋತಿ ಯೋಜನೆಗೆ ಅರ್ಜಿ ಸಲ್ಲಿಸುವವರು ಹಾಗೂ ಈಗಾಗಲೇ ಅದರ ಫಲಾನುಭವಿಗಳಾಗಿರುವವರು, ಕುಟುಂಬವು ಮನೆಯಲ್ಲಿ ಚಲನಚಿತ್ರ ವೀಕ್ಷಿಸಲು ತಗಲುವ ವಿದ್ಯುತ್ತಿನ ಲೆಕ್ಕವನ್ನು ತಿಳಿದಿರುವುದು ಉಪಯುಕ್ತ.

ಅರ್ಹತಾ ಪ್ರಮಾಣ

2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್‌ಗಳೂ ಎಲ್ಲರಿಗೂ ಉಚಿತವೆಂಬ ತಪ್ಪು ತಿಳಿವಳಿಕೆ ಇದೆ. 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿದ ಪ್ರಮಾಣವೇ ಆ ಮನೆಯ ಅರ್ಹತೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸಲು 2024ರ ಜನವರಿಯಲ್ಲಿ ತೀರ್ಮಾನಿಸಲಾಯಿತು. ಸರಾಸರಿ 60 ಯೂನಿಟ್ ಇದ್ದ ಮನೆಗೆ 66 ಯೂನಿಟ್ ಉಚಿತ. ಮೀರಿದ್ದಕ್ಕೆ ಶುಲ್ಕ ತೆರಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದಲ್ಲಿ ಪೂರ್ಣ ಬಿಲ್ಲನ್ನು ಪಾವತಿಸತಕ್ಕದ್ದು.

ಬಳಕೆಯ ಲೆಕ್ಕ

1000 ವ್ಯಾಟ್‌ನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್. 50 ವ್ಯಾಟ್‌ನ ಎಲ್.ಇ.ಡಿ. ಟಿ.ವಿ.ಯಲ್ಲಿ ಎರಡೂವರೆ ಗಂಟೆಯ ಚಿತ್ರಕ್ಕೆ 0.125 ಯೂನಿಟ್ ಸಾಕು. ಅಂದರೆ ಒಂದು ಯೂನಿಟ್‌ನಲ್ಲಿ ಎಂಟು ಚಿತ್ರ ನೋಡಬಹುದು. ಆದುದರಿಂದ ಚಿತ್ರ ನೋಡುವುದನ್ನು ಬಿಡಬೇಕಾಗಿಲ್ಲ. ನೋಡದ ವೇಳೆಯ ಖರ್ಚೇ ಹೆಚ್ಚಿನದು. ರಿಮೋಟ್‌ನಿಂದ ಟಿ.ವಿ. ಆರಿಸಿದರೂ ಗೋಡೆಯ ಸ್ವಿಚ್ ಹಾಗೆಯೇ ಇದ್ದಲ್ಲಿ ಸೆಟ್ ಟಾಪ್ ಬಾಕ್ಸ್ ವಿದ್ಯುತ್ ಎಳೆಯುತ್ತಲೇ ಇರುತ್ತದೆ. ಅದು 10 ವ್ಯಾಟ್ ಎಂದಿಟ್ಟುಕೊಂಡರೆ 30 ದಿನಗಳಿಗೆ 7.2 ಯೂನಿಟ್ ಆಗುತ್ತದೆ. ಇಷ್ಟರಲ್ಲಿ ಮೇಲಿನ ಟಿ.ವಿ. 57 ಚಿತ್ರಗಳನ್ನು ತೋರಿಸಬಲ್ಲದು. ಮೇಲಿನ ಉದಾಹರಣೆಯ ಮನೆಗೆ ಹೆಚ್ಚುವರಿಯಾಗಿ ದೊರೆತದ್ದು 6 ಯೂನಿಟ್ ಮಾತ್ರ. ತಿಂಗಳಿಗೆ 195 ಯೂನಿಟ್ ಬಳಸುವ ಮನೆಯಾದರೆ, ಹೊಸದಾಗಿ ತಂದಿಟ್ಟ ಇಂತಹ ಒಂದೇ ಪೆಟ್ಟಿಗೆಯಿಂದ ಆ ತಿಂಗಳ ಸೌಲಭ್ಯವೆಲ್ಲ ಕೈತಪ್ಪಬಹುದು. ಪರಿಸರದ ದೃಷ್ಟಿಯಿಂದಲೂ ಇದು ಸಣ್ಣ ಸಂಗತಿಯಲ್ಲ: ದೇಶದ ವಿದ್ಯುತ್ ಜಾಲದ ಪ್ರತಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ.

ಟಿ.ವಿ., ಸೆಟ್ ಟಾಪ್ ಬಾಕ್ಸ್ ಹಾಗೂ ಧ್ವನಿವರ್ಧಕವನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ, ಮಲಗುವ ಮುನ್ನ ಅದರ ಸ್ವಿಚ್ ಆರಿಸುವುದು ಸುಲಭೋಪಾಯ. ಮರುದಿನ ಪೆಟ್ಟಿಗೆಯು ಆರಂಭಗೊಳ್ಳಲು ಒಂದೆರಡು ನಿಮಿಷ ತಡವಾದೀತು, ಅಷ್ಟೇ.

ಇತರೆ ಅಂಶಗಳು

ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕುಳಿತು ನೋಡುವುದರ ಲಾಭವು ಪರದೆಗಿಂತ ಫ್ಯಾನಿನಲ್ಲಿದೆ. ಮೊಬೈಲ್ ಬಳಸುವ ವಿದ್ಯುತ್ ಅತ್ಯಲ್ಪವೇ ಸರಿ. ಆದರೆ ಮೂರು ಕೋಣೆಗಳಲ್ಲಿ 75 ವ್ಯಾಟ್‌ನ ಮೂರು ಫ್ಯಾನುಗಳು ತಿರುಗಿದರೆ ಆ ಉಳಿತಾಯ ಉಳಿಯುವುದಿಲ್ಲ. ಬೆಳಗಾವಿಯ ಚಳಿಗಾಲದ ರಾತ್ರಿಗಳಲ್ಲಿ ಫ್ಯಾನಿನ ಅಗತ್ಯವೇ ಬೀಳದು. ಅಂಗಡಿಯಲ್ಲಿ ಆಕರ್ಷಕವಾಗಿ ಕಾಣಲೆಂದು ಟಿ.ವಿ.ಗೆ ಇಟ್ಟಿರುವ ಅತಿ ಹೊಳಪನ್ನು ಮನೆಯಲ್ಲಿ ತಗ್ಗಿಸಬಹುದು. ಹೊಸ ಟಿ.ವಿ. ಕೊಳ್ಳುವವರು ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿಯಲ್ಲಿ ನಮೂದಿಸಿದ ವಾರ್ಷಿಕ ಯೂನಿಟ್‌ಗಳನ್ನೂ ನೋಡತಕ್ಕದ್ದು. ಪರದೆ ದೊಡ್ಡದಾದರೆ ನಕ್ಷತ್ರಗಳು ಸಮವಿದ್ದರೂ ಖರ್ಚು ಹೆಚ್ಚು.

ಖಾನಾಪುರದಲ್ಲಿ ಮಳೆಗಾಲದ ವಿದ್ಯುತ್ ಅಡಚಣೆಯ ಕಾರಣ ಇನ್ವರ್ಟರ್ ಬಳಸುವವರು, ಬ್ಯಾಟರಿಯನ್ನು ತುಂಬುವಾಗಲೂ ಬಳಸುವಾಗಲೂ ವಿದ್ಯುತ್ ನಷ್ಟವಾಗುವುದರಿಂದ, ಚಿತ್ರವನ್ನು ವಿದ್ಯುತ್ ಬಂದ ಮೇಲೆ ನೋಡುವುದು ಮೇಲು. ಗುಡುಗು ಸಿಡಿಲಿನ ವೇಳೆಯಲ್ಲಿ ಪ್ಲಗ್ ಹಾಗೂ ಕೇಬಲ್ ಎರಡನ್ನೂ ಮೊದಲೇ ಕಳಚಿಡಬೇಕು.

ಹಳೆಯ ಟಿ.ವಿ. ವಿಲೇವಾರಿ

ಡಬ್ಬಿಯಾಕಾರದ ಹಳೆಯ ಟಿ.ವಿ.ಗಳ ಚಿತ್ರನಳಿಕೆಯ ಗಾಜಿನಲ್ಲಿ ಸೀಸವಿರುತ್ತದೆ. ಇವನ್ನು ಒಡೆಯಬಾರದು, ತಾಮ್ರಕ್ಕಾಗಿ ತಂತಿಗಳನ್ನು ಸುಡಬಾರದು. ಹಳೆಯ ಸಿ.ಡಿ.ಗಳನ್ನೂ ಸುಡುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಪ್ರಕಾರ ಇ-ತ್ಯಾಜ್ಯದ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಹಳೆಯ ಟಿ.ವಿ.ಯನ್ನು ತಯಾರಕರ ಸಂಗ್ರಹಣಾ ಕೇಂದ್ರಕ್ಕೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಹೊಸದನ್ನು ಕೊಳ್ಳುವಾಗ ಮಾರಾಟಗಾರರಿಗೆ ಹಿಂತಿರುಗಿಸಬಹುದು.